ಕಾಶಿಗೆ ಯಾರ ಸಂಗಡ ಹೋಗುವುದು

ಸೊರಬದ ಮಹಿಳಾ ಸಮಾಜದವರು ಕಾಶಿಗೆ ಹೋಗುವುದೆಂದು ತೀರ್ಮಾನವಾದದ್ದು ಒಂದು ಹೊಲಿಗೆ ತರಗತಿಯ ಮಧ್ಯೆ. ಯಾರೋ ಕಾಜಾ ಹೊಲಿಯುತ್ತಾ, "ಗಂಡಸರು ಮುದುಕರಾದ ಮೇಲೆ ಯಾತ್ರೆಗೆ ಹೊರಡ್ತಾರೆ, ನಾವು ಅವರ ಗಂಟು ಹೊತ್ಕಂಡು ಹಿಂದೆ ಹೋಗದು. ಕೈಕಾಲು ಗಟ್ಟಿ ಇರುವಾಗ ನಾವು ನಾವೇ ಹೋದ್ರೆ ಏನಾಗ್ತದೆ?" ಎಂದರು. ಎಲ್ಲರೂ ನಕ್ಕರು. ನಗದೆ ಇದ್ದವರು ಅಧ್ಯಕ್ಷೆ ಒಬ್ಬರೇ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟು, "ಏನೂ ಆಗಲ್ಲ. ಹೋಗೋಣ" ಎಂದುಬಿಟ್ಟರು.

ನಾನು ಆಗ ಸೊರಬದಲ್ಲಿ ಗ್ರಾಮಸೇವಿಕೆ. ಹೊಗೆಯಿಲ್ಲದ ಒಲೆ ಹಾಕಿಸುವುದು, ಬಾಲವಾಡಿ ನೋಡಿಕೊಳ್ಳುವುದು, ಸಮಾಜದ ಹೆಂಗಸರಿಗೆ ಹೊಲಿಗೆ ಹೇಳಿಕೊಡುವುದು ನನ್ನ ಕೆಲಸ. ಯಾತ್ರೆ ಏರ್ಪಡಿಸುವುದು ಇದರೊಳಗೆ ಬರುತ್ತದೆಯೇ ಎಂದು ಬಿ.ಡಿ.ಓ. ಸಾಹೇಬರನ್ನು ಕೇಳಿದಾಗ ಅವರು, "ಬರಲ್ಲ. ಆದರೆ ಸರಿಯಾಗಿ ನಡೆದರೆ ನಮ್ಮ ಬ್ಲಾಕಿಗೆ ಹೆಸರು. ನಡೆಯದಿದ್ದರೆ ಅದು ನಿಮ್ಮ ಸ್ವಂತ ವಿಷಯ" ಎಂದು ಕನ್ನಡಕ ಒರೆಸಿಕೊಂಡರು.

ಗಂಡಸರಿಲ್ಲದೆ ಹದಿನಾಲ್ಕು ಹೆಂಗಸರು ಪ್ರಯಾಗ, ಕಾಶಿ, ಗಯೆ ಮುಗಿಸಿ ಬರುವುದು ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಯಾರೂ ಕೇಳಿದ ಮಾತಲ್ಲ. ಮನೆಮನೆಯಲ್ಲೂ ಜಗಳ ಆಯಿತು. ಕೊನೆಗೆ ಗಂಡಸರು ಒಪ್ಪಿದ್ದು ಒಂದೇ ಕಾರಣಕ್ಕೆ: ಅಧ್ಯಕ್ಷೆ ಜೊತೆಗಿರುತ್ತಾರೆ. ಊರಿನ ದೊಡ್ಡ ಮನೆಯ ಯಜಮಾನಿ ಅವರು. ಐವತ್ತು ದಾಟಿದ ವಯಸ್ಸು, ನೆಟ್ಟಗಿನ ನಿಲುವು. ಅವರ ಅಂಗಳದಲ್ಲಿ ಪಂಚಾಯ್ತಿಗೆ ಕೂತ ಗಂಡಸರು ಒಳಗಿನಿಂದ ಅವರು ಕೆಮ್ಮಿದರೂ ಮಾತು ನಿಲ್ಲಿಸುತ್ತಿದ್ದರು. ಅವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಹೋಗುವುದು ನಿಶ್ಚಯವಾಯಿತು. ಯಾರ ಸಂಗಡ ಹೋಗುವುದೆಂಬುದು ಉಳಿಯಿತು. ನಮ್ಮಲ್ಲಿ ಹಿಂದಿ ಬಲ್ಲವರಿಲ್ಲ. ಬೀರೂರಿನಿಂದಾಚೆ ರೈಲು ನೋಡಿದವರು ಇಬ್ಬರೋ ಮೂವರೋ. ಟಿಕೇಟು, ತಂಗುವ ಛತ್ರ, ಅಡುಗೆ, ಕ್ಷೇತ್ರದ ಪುರೋಹಿತರಾದ ಪಂಡಾಗಳ ಜೊತೆ ಮಾತುಕತೆ, ಇದನ್ನೆಲ್ಲ ನೋಡಿಕೊಳ್ಳುವ ಮಾರ್ಗದರ್ಶಿ ಬೇಕೇ ಬೇಕು. ಅಂಥ ಇಬ್ಬರ ಹೆಸರು ನಮ್ಮ ಕಿವಿಗೆ ಬಿದ್ದಿತ್ತು.

ಮೊದಲನೆಯವರು ಶಿವಮೊಗ್ಗದ ಏಜೆಂಟರು. ಸುದ್ದಿ ಮುಟ್ಟಿದ ವಾರದೊಳಗೆ ಬಾಡಿಗೆ ಕಾರಿನಲ್ಲಿ ಸೊರಬಕ್ಕೇ ಬಂದರು. ಹೆಗಲ ಮೇಲೆ ಜರಿ ಶಾಲು, ಕೈಯಲ್ಲಿ ಕಾಶಿಯ ಪ್ರಸಾದ, ಘಟ್ಟಗಳ ಫೋಟೋಗಳು. "ತಾಯಂದಿರೇ, ನೀವು ಗಾಡಿ ಹತ್ತಿ ಕೂತರೆ ಸಾಕು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಪಾಯಸದ ಊಟ, ನಮ್ಮದೇ ಅಡುಗೆಯವರು. ಮನೆಯಲ್ಲಿ ಇದ್ದ ಹಾಗೇ ಇರುತ್ತೆ" ಎಂದರು. ದಿನವೂ ಬೇಯಿಸಿ ಬಡಿಸುವ ಹೆಂಗಸರಿಗೆ, ಯಾರೋ ಬೇಯಿಸಿ ಬಡಿಸುತ್ತಾರೆ ಎಂಬ ಮಾತೇ ಅರ್ಧ ಪುಣ್ಯ. ಅವರು ಎದ್ದು ಹೋಗುವ ಹೊತ್ತಿಗೆ ಹತ್ತು ಜನ ಅವರ ಕಡೆಯಾಗಿದ್ದರು.

ಎರಡನೆಯವರು ಶಿಕಾರಿಪುರದಲ್ಲಿದ್ದ ನಿವೃತ್ತ ಸ್ಟೇಷನ್ ಮಾಸ್ತರರು. ವರ್ಷಕ್ಕೊಮ್ಮೆ ಒಂದು ಸಣ್ಣ ತಂಡವನ್ನು ಉತ್ತರದ ಕಡೆ ಕರೆದುಕೊಂಡು ಹೋಗುತ್ತಿದ್ದರು. ಬೋರ್ಡಿಲ್ಲ, ಫೋಟೋ ಇಲ್ಲ. ಬೈಗುಳದವರೆಂದು ಪ್ರಸಿದ್ಧರು.

ಆಯ್ಕೆಯ ಹೊಣೆ ನನ್ನ ತಲೆಗೆ ಬಂತು. ಅಧ್ಯಕ್ಷೆ ಸಭೆಯಲ್ಲಿ ಹೇಳಿದ್ದು ಇಷ್ಟೇ: "ಈ ಹುಡುಗಿ ಹೋಗಿ ವಿಚಾರಿಸ್ಕಂಡು ಬರಲಿ. ಇವಳು ಯಾರನ್ನ ಅಂತಾಳೋ ಅವರ ಜೊತೆ ಹೋಗದು. ನಂಗೆ ಇವಳ ಮೇಲೆ ನಂಬಿಕೆ ಇದೆ." ಆ ಮಾತು ಕೇಳಿ ಆ ದಿನ ನನಗೆ ಹೆಮ್ಮೆಯಾಯಿತು. ಅದರ ತೂಕ ಗೊತ್ತಾದದ್ದು ಆಮೇಲೆ.

ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಹೋದೆ. ಇಬ್ಬರ ಸಂಗಡವೂ ಯಾತ್ರೆಗೆ ಹೋಗಿ ಬಂದ ಮನೆಗಳು ಅಲ್ಲಿ ಇದ್ದವು. ಬಸ್ಸಿನಲ್ಲಿ ಕೂತು ಒಂದು ಉಪಾಯ ಮಾಡಿಕೊಂಡಿದ್ದೆ. ಊಟ ಹೇಗಿತ್ತು, ದರ್ಶನ ಹೇಗಾಯಿತು ಎಂದು ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ಹೋಗಿ ಬಂದವರು ತಮ್ಮ ಯಾತ್ರೆಯನ್ನು ತಾವೇ ಹಳಿಯುವುದಿಲ್ಲ. ಅದಕ್ಕೆ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ ಇಟ್ಟೆ: ದಾರಿಯಲ್ಲಿ ಯಾರಿಗಾದರೂ ಹುಷಾರು ತಪ್ಪಿತ್ತೆ? ಆಗ ನಿಮ್ಮ ಮಾರ್ಗದರ್ಶಿ ಏನು ಮಾಡಿದರು?

ಏಜೆಂಟರ ಜೊತೆ ಹೋಗಿದ್ದವರು ಪಾಯಸದ ಮಾತು ಆಡುತ್ತಾ ಆಡುತ್ತಾ ಈ ಪ್ರಶ್ನೆಗೆ ಬಂದಾಗ ಸುಮ್ಮನಾಗುತ್ತಿದ್ದರು. "ಕುರುಬರ ಮನಿ ಅಜ್ಜೀನ ಕೇಳ್ರಿ" ಎಂದು ಒಬ್ಬರು ಊರ ಹೊರಗಿನ ಮನೆ ತೋರಿಸಿದರು. ಕುರಿಗಳನ್ನು ಹೊಡೆದುಕೊಂಡು ಹೋಗಿ ಆಗಿತ್ತು. ಹಟ್ಟಿಯ ಪಕ್ಕದಲ್ಲಿ ಒಬ್ಬ ಅಜ್ಜಿ ಉಣ್ಣೆ ಬಿಡಿಸುತ್ತಾ ಕೂತಿದ್ದರು.

"ನಂಗೆ ಜ್ವರ ಬಂತವ್ವ" ಎಂದರು ಅಜ್ಜಿ, ಕೈ ನಿಲ್ಲಿಸದೆ. "ಗಾಡಿ ಹೊತ್ತಾತು ಅಂತ ಒಂದು ಆಸ್ಪತ್ರಿಗೆ ಸೇರಿಸಿ ಅವ್ರೆಲ್ಲಾ ಮುಂದಕ್ಕೆ ಹೋದ್ರು. ತಪ್ಪೇನಿಲ್ಲ ಬಿಡು, ಉಳಿದೋರದ್ದೂ ಯಾತ್ರಿ ಆಗಬೇಕಲ್ಲ. ಕಾಗದ ಹಾಕಿದ್ರಂತೆ, ನನ್ ಮಗ ಬಂದು ಕರ್ಕಂಡು ಹೋದ. ಅವ ಬರೋ ತನಕ... ಆ ಊರ ಹೆಸರೇನಂತ ನಂಗೆ ಗೊತ್ತಿರ್ಲಿಲ್ಲವ್ವ. ಪಕ್ಕದ ಮಂಚದಾಕಿ ಏನೋ ಕೇಳೋಳು, ನಾನೇನೋ ಹೇಳೋಳು. ಅಕಿ ಮಾತು ನಂಗಿಲ್ಲ, ನನ್ ಮಾತು ಅಕಿಗಿಲ್ಲ. ನೀರು ಬೇಕಂದ್ರೆ ಹಿಂಗೆ ಕೈ ಮಾಡಿ ತೋರಿಸ್ತಿದ್ದೆ."

ಅಜ್ಜಿ ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದು ತೋರಿಸಿ, ಮತ್ತೆ ಉಣ್ಣೆಗೆ ಕೈ ಹಾಕಿದರು.

ಸ್ಟೇಷನ್ ಮಾಸ್ತರರ ಜೊತೆ ಹೋಗಿದ್ದವರು ಬಾಗಿಲಲ್ಲೇ ದೂರು ಶುರು ಮಾಡಿದರು. ಬಳೆ ಕೊಳ್ಳಲು ಬಿಡುವುದಿಲ್ಲ, ಎಲ್ಲಿ ನಿಂತರೂ ತಲೆ ಎಣಿಸುತ್ತಾರೆ, ಹೆಂಗಸರು ಮಕ್ಕಳು ಎನ್ನದೆ ಗದರುತ್ತಾರೆ. ನನ್ನ ಪ್ರಶ್ನೆಗೆ ಒಬ್ಬ ಅಂಗಡಿಯವರು ಸಿಡುಕಿದರು: "ಹ್ಞೂಂ, ಒಬ್ಬನಿಗೆ ವಾಂತಿ ಭೇದಿ ಆತು. ಅವನೊಬ್ಬನ ಸಲುವಾಗಿ ನಮ್ಮನ್ನೆಲ್ಲ ಇಟಾರ್ಸಿ ಸ್ಟೇಷನ್ನಿನಾಗೆ ಕೆಡವಿಬಿಟ್ಟರು ನೋಡ್ರಿ. ಅವ ಎದ್ದು ಕುಂತ ಮೇಲೇ ಹೊರಟಿದ್ದು. ಗಯಾ ತಪ್ಪಿ ಹೋತು ನಮಗೆ." ಅವರ ಪಾಲಿಗೆ ಅದು ದೂರು. ನನಗೆ ಬೇಕಾಗಿದ್ದ ಉತ್ತರ ಅದೇ ಆಗಿತ್ತು.

ಅದೇ ಸಂಜೆ ಮಾಸ್ತರರ ಮನೆಗೆ ಹೋದೆ. ಜಗಲಿಯ ಮೇಲೆ ಲಾಟೀನಿನ ಗಾಜು ಒರೆಸುತ್ತಿದ್ದರು. ಕೂರಿ ಎನ್ನಲಿಲ್ಲ.

"ಎಷ್ಟು ಜನ?"

"ಹದಿನಾಲ್ಕು."

"ಗಂಡಸರು?"

"ಯಾರೂ ಇಲ್ಲ."

ಗಾಜನ್ನು ಬೆಳಕಿಗೆ ಹಿಡಿದು ನೋಡಿದರು. "ತಮ್ಮ ತಮ್ಮ ಹಾಸಿಗಿ ತಾವೇ ಹೊರ್ತಾರೇನು?"

"ಕೂಲಿಯವರು ಸಿಗುವುದಿಲ್ಲವೇ?"

"ಸಿಗ್ತಾರ್ರೀ. ಹಾಸಿಗಿ ಹೊರಾಕ ಸಿಗ್ತಾರ, ಮನುಷ್ಯಾರನ್ನ ಹೊರಾಕ ಯಾರೂ ಸಿಗಂಗಿಲ್ಲ." ಗಾಜು ಕೆಳಗಿಟ್ಟು ವಿವರಿಸಿದರು. ನಮ್ಮ ಕಡೆಯ ಗಾಡಿ ಸಣ್ಣ ಹಳಿಯದು. ಬೀರೂರಿನಲ್ಲಿ ಒಮ್ಮೆ ಬದಲಾಯಿಸಬೇಕು. ಪುಣೆಯಲ್ಲಿ ಇಳಿದು ದೊಡ್ಡ ಹಳಿಯ ಗಾಡಿಗೆ ಹೋಗಬೇಕು. ಅಲ್ಲಿ ಜನಸಾಗರ. ಸೇತುವೆ ಹತ್ತಿ ಇಳಿದು, ಮೂರನೇ ದರ್ಜೆಯ ಡಬ್ಬಿಯಲ್ಲಿ ಜಾಗ ಹಿಡಿಯಲು ಇರುವ ಹೊತ್ತು ತೀರ ಕಡಿಮೆ. "ಒಬ್ಬಾಕಿ ಮೆಟ್ಟಿಲ ಮ್ಯಾಲೆ ಕುಂತರೆ ಹದಿನಾಲ್ಕೂ ಮಂದಿಗೆ ಗಾಡಿ ತಪ್ಪತೈತಿ. ಅರ್ಧ ಮಂದಿ ಹತ್ತಿ ಅರ್ಧ ಮಂದಿ ಉಳಿದರೆ ಅದು ಇನ್ನೂ ಕೆಟ್ಟದ್ದು. ನಾನು ಯಾರನ್ನೂ ಬಿಟ್ಟು ಬರೋನಲ್ಲ. ಅದಕ್ಕೇ, ಬರಬಾರದೋರನ್ನ ಕರ್ಕಂಡೂ ಹೋಗಂಗಿಲ್ಲ. ಚಂದ್ರಗುತ್ತಿಗೆ ಬರ್ಲಿ ಎಲ್ಲಾರೂ. ಹಾಸಿಗಿ ಸುರುಳಿ ಹೊತ್ಕಂಡು ಗುಡ್ಡ ಹತ್ತಲಿ. ಆಮೇಲೆ ಮಾತಾಡೋಣ."

ಸೊರಬಕ್ಕೆ ಬಂದು ಸಭೆಯಲ್ಲಿ ಎಲ್ಲವನ್ನೂ ಹೇಳಿ, ಮಾಸ್ತರರ ಸಂಗಡವೇ ಹೋಗೋಣ ಎಂದೆ. ಅಜ್ಜಿಯ ಕಥೆ ಕೇಳಿ ಎಲ್ಲರೂ ಪಾಪ ಎಂದರು. ಆದರೆ ಗುಡ್ಡ ಹತ್ತುವ ಮಾತಿಗೆ ಗುಲ್ಲೆದ್ದಿತು. "ನಾವೇನು ಪೊಲೀಸ್ ಕೆಲಸಕ್ಕೆ ಸೇರ್ತಿದೀವಾ?" ಎಂದರು ಒಬ್ಬರು. "ದುಡ್ಡು ಕೊಟ್ಟು ಬೈಸ್ಕಂಡು ಬರದಾ?" ಎಂದರು ಇನ್ನೊಬ್ಬರು. ಎಲ್ಲರೂ ಅಧ್ಯಕ್ಷೆಯ ಮುಖ ನೋಡಿದರು. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, "ಮಾತು ಕೊಟ್ಟಿದೀನಿ. ಹತ್ತೋಣ" ಎಂದರು.

ಚಳಿ ಇನ್ನೂ ಇದ್ದ ದಿನಗಳು. ಆ ವರ್ಷ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಕಾಡಿಗೆ ಹೋದವರಿಗೆ ಜ್ವರ ಹಿಡಿಯುತ್ತಿದೆ ಎಂಬ ಸುದ್ದಿ ಹಬ್ಬಿ, ಜನ ಸೌದೆಗೂ ಮರಗಳ ನಡುವೆ ಕಾಲಿಡಲು ಹೆದರುತ್ತಿದ್ದರು. ಅದಕ್ಕೆ ಮೇಲಿನ ಕೋಟೆಯ ಕಾಡುದಾರಿ ಬೇಡ, ದೇವಸ್ಥಾನದ ಮೆಟ್ಟಿಲುಗಳನ್ನೇ ಎರಡು ಸಲ ಹತ್ತಿ ಇಳಿಯುವುದು ಎಂದು ಮಾಸ್ತರರು ಗೊತ್ತು ಮಾಡಿದರು. ಪ್ರತಿಯೊಬ್ಬರ ಹೆಗಲಿಗೆ ಹಾಸಿಗೆ ಸುರುಳಿ, ಕೈಯಲ್ಲಿ ನೀರು ತುಂಬಿದ ತಂಬಿಗೆ. ತಾವು ಮೇಲೆ ನಿಂತಿರುವುದಾಗಿಯೂ, ನಾನು ಎಲ್ಲರಿಗಿಂತ ಹಿಂದೆ ಬರಬೇಕೆಂದೂ ಹೇಳಿದರು. "ಯಾರು ಕೂರ್ತಾರ ನೋಡಿ ಹೇಳೋದು ನಿಮ್ಮ ಕೆಲಸ."

ಮೊದಲ ಸಲ ಹಬ್ಬದ ಹಾಗಿತ್ತು. ಕುಪ್ಪಗಡ್ಡೆಯಿಂದ ಬಂದಿದ್ದ ಎಳೆಯ ಸೊಸೆಯೊಬ್ಬಳು ಸುರುಳಿಯನ್ನು ತಲೆಯ ಮೇಲಿಟ್ಟುಕೊಂಡು ಕೈ ಬಿಟ್ಟು ಹತ್ತಿದಳು. ಮದುವೆಯಾದ ಮೇಲೆ ಗಂಡನ ಮನೆ, ತವರು ಮನೆ ಬಿಟ್ಟು ಬೇರೆ ಊರು ನೋಡಿದವಳಲ್ಲ ಅವಳು. ಅಧ್ಯಕ್ಷೆ ಮಧ್ಯದಲ್ಲಿದ್ದರು, ಯಾರ ಜೊತೆಗೂ ಮಾತಾಡದೆ ಮೆಟ್ಟಿಲನ್ನೇ ನೋಡುತ್ತಾ ಹತ್ತಿದರು. ಎರಡನೆಯ ಸಲ ಅವರು ಹಿಂದೆ ಬಿದ್ದರು. ಮುಂದಿನವರು ತಿರುವು ದಾಟಿ ಕಣ್ಣಿಗೆ ಮರೆಯಾದ ಕೂಡಲೇ ಒಂದು ಬಂಡೆಗೆ ಬೆನ್ನು ಕೊಟ್ಟು ಕುಸಿದು ಕೂತರು. ಹಾಸಿಗೆ ಸುರುಳಿ ಉರುಳಿ ಬಂದು ನನ್ನ ಕಾಲಿಗೆ ತಾಗಿತು.

ನಾನು ಓಡಿ ಹೋದೆ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಚಳಿಯಲ್ಲೂ ಹಣೆಯ ಮೇಲೆ ಬೆವರು. ಒಂದು ಕೈ ಎದೆಯ ಮೇಲೆ ಒತ್ತಿ ಹಿಡಿದಿತ್ತು. ಉಸಿರು ತೆಗೆದುಕೊಳ್ಳುವ ಸದ್ದು ಬಟ್ಟೆ ಹರಿದ ಹಾಗೆ ಕೇಳುತ್ತಿತ್ತು. ತಂಬಿಗೆಯ ನೀರು ತುಟಿಗೆ ಹಿಡಿದೆ. ಕುಡಿಯಲಾಗಲಿಲ್ಲ, ಗಲ್ಲದ ಮೇಲೆ ಇಳಿದು ಹೋಯಿತು.

"ಮಾಸ್ತರರನ್ನು ಕೂಗ್ತೀನಿ ದೊಡ್ಡಮ್ಮ."

ಅವರು ನನ್ನ ಮಣಿಕಟ್ಟು ಹಿಡಿದರು. ಅಷ್ಟು ನಿತ್ರಾಣದಲ್ಲೂ ಆ ಹಿಡಿತ ಬಿಗಿಯಾಗಿತ್ತು. ಉಸಿರು ಸ್ವಲ್ಪ ಹತೋಟಿಗೆ ಬಂದ ಮೇಲೆ ಹೇಳಿದರು: "ಸುಮ್ನಿರು ಮಾರಾಯ್ತಿ. ಇದು ಹೊಸದಲ್ಲ. ಸಾಗರದ ಡಾಕ್ಟ್ರು ಎರಡು ವರ್ಷದ ಕೆಳಗೇ ಹೇಳಿದಾರೆ, ಎದೆ ಸರಿ ಇಲ್ಲ ಅಂತ. ಮನೇಲಿ ಯಾರಿಗೂ ಗೊತ್ತಿಲ್ಲ. ನೀನೂ ಹೇಳಬೇಡ."

"ದಾರಿಯಲ್ಲಿ ಹೀಗಾದರೆ?"

"ಆದ್ರೆ ಆಗ್ಲಿ. ಕಾಶೀಲಿ ಸತ್ತರೆ ಪುಣ್ಯ ಅಂತ ಜನ ಅಲ್ಲಿಗೆ ಹೋಗಿ ಕಾಯ್ತಾರೆ. ನಂಗೂ ಅದೇ ಸಿಕ್ಕರೆ ನಿಂಗೇನು ಕಷ್ಟ?"

"ಕಾಶಿಗಿಂತ ಮುಂಚೆ ಎಷ್ಟೋ ಸ್ಟೇಷನ್ ಬರ್ತಾವೆ ದೊಡ್ಡಮ್ಮ."

ಅವರು ಕಣ್ಣು ಮುಚ್ಚಿದರು. ಮತ್ತೆ ತೆರೆದಾಗ ಅದರಲ್ಲಿ ಬೇಡಿಕೆ ಇರಲಿಲ್ಲ, ಸಿಟ್ಟಿತ್ತು. "ನಾನು ಬರದಿದ್ರೆ ಇವರಲ್ಲಿ ಒಬ್ಬಳನ್ನೂ ಮನೆಯೋರು ಕಳಿಸಲ್ಲ. ಗೊತ್ತಲ್ಲ ನಿಂಗೆ? ಆ ಕುಪ್ಪಗಡ್ಡೆ ಹುಡುಗಿ ಮುಖ ನೋಡಿದ್ಯಾ ಇವತ್ತು? ಅದನ್ನ ಕೆಡಿಸೋಳು ನೀನು ಆಗ್ತೀಯಾ?"

ಅವರು ಹೇಳಿದ್ದು ನಿಜ. ಪುಣೆಯ ಪ್ಲಾಟ್‌ಫಾರ್ಮಿನಲ್ಲಿ ಅವರು ಹೀಗೇ ಕುಸಿದರೆ, ಇನ್ನು ಮುಂದೆ ಸೊರಬದ ಒಬ್ಬ ಹೆಂಗಸನ್ನೂ ಹೊಸ್ತಿಲು ದಾಟಲು ಬಿಡುವುದಿಲ್ಲ ಎಂಬುದೂ ನಿಜ. ಎರಡರ ನಡುವೆ ನಾನು ಅವರ ಹಾಸಿಗೆ ಸುರುಳಿಯನ್ನು ನನ್ನ ಸುರುಳಿಯ ಮೇಲೆ ಹೊತ್ತುಕೊಂಡು, ಅವರ ತೋಳು ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿಸಿದೆ. ಕೊನೆಯ ತಿರುವಿಗೆ ಮುಂಚೆ ಅವರು ತಮ್ಮ ಸುರುಳಿ ಕೇಳಿ ಇಸಿದುಕೊಂಡರು. ಮುಖ ಒರೆಸಿಕೊಂಡು, ಮಾಸ್ತರರ ಎದುರು ನೆಟ್ಟಗೆ ನಡೆದು ಹೋದರು.

ಇಳಿದು ಬಂದು ಮರದ ಕೆಳಗೆ ಎಲ್ಲರೂ ಚಿತ್ರಾನ್ನದ ಗಂಟು ಬಿಚ್ಚಿದರು. ಮಾಸ್ತರರು ನಿಂತೇ ಇದ್ದರು.

"ಮೇಲೆ ಬಂದಾಗ ಎಲ್ಲಾರೂ ಕಾಲ ಮ್ಯಾಲೇ ಇದ್ರಿ. ಸಂತೋಷ. ಸೇವಿಕಮ್ಮಾರೆ, ನೀವು ಹಿಂದೆ ಇದ್ರಿ. ದಾರಿಯೊಳಗೆ ಯಾರಾದ್ರೂ ಕುಂತ್ರೇನು?"

ಅಧ್ಯಕ್ಷೆ ನನ್ನನ್ನು ನೋಡಲಿಲ್ಲ. ತಮ್ಮ ಎಲೆಯನ್ನೇ ನೋಡುತ್ತಿದ್ದರು.

"ಒಬ್ಬರು ಕೂತರು," ಎಂದೆ. "ಯಾರು ಅಂತ ಅವರೇ ಹೇಳ್ತಾರೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಧ್ಯಕ್ಷೆ ಎಲೆ ಸರಿಸಿ, ಎದ್ದು ನಿಂತು, ತಿಳಿಯಾದ ದನಿಯಲ್ಲಿ ಹೇಳಿದರು: "ನಾನೇ ಕೂತಿದ್ದು. ಹೊಸ ಚಪ್ಪಲಿ ಕಚ್ಚಿತ್ತು."

ಎಲ್ಲರಿಗೂ ಒಮ್ಮೆಲೇ ಉಸಿರು ಬಂದ ಹಾಗಾಯಿತು. ಕುಪ್ಪಗಡ್ಡೆಯ ಸೊಸೆ, "ಅಯ್ಯೋ, ನನ್ ಚಪ್ಪಲಿ ಕೊಡ್ತಿದ್ನಲ್ಲ ದೊಡ್ಡಮ್ಮ!" ಎಂದು ನಕ್ಕಳು. ಉಳಿದವರೂ ನಕ್ಕರು. ಮಾಸ್ತರರು ನಗಲಿಲ್ಲ. ಅವರು ನನ್ನ ಕಡೆ ತಿರುಗಿದರು.

"ಚಪ್ಪಲಿ ಏನ್ರೀ?"

ಹೌದು ಎಂದರೆ ಮುಗಿಯುತ್ತಿತ್ತು. ಇಡೀ ಸಮಾಜ ನನ್ನನ್ನು ಹರಸುತ್ತಿತ್ತು. ಅಧ್ಯಕ್ಷೆ ಈಗ ನನ್ನನ್ನು ನೋಡುತ್ತಿದ್ದರು. ಮೆಟ್ಟಿಲ ಮೇಲೆ ಕಂಡ ತುಟಿಯ ಬಣ್ಣ ನನ್ನ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

"ಅಲ್ಲ," ಎಂದೆ.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಪಕ್ಕದ ಸೀಟು ಖಾಲಿ ಇತ್ತು. ನಿಂತುಕೊಂಡು ಬಂದವರಿದ್ದರು, ನನ್ನ ಪಕ್ಕ ಕೂತವರಿಲ್ಲ. ಅಧ್ಯಕ್ಷೆಗೆ ಏನಾಗಿತ್ತೆಂದು ಮಾಸ್ತರರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೊರಬದಲ್ಲಿ ಇಳಿದು ಶಿಕಾರಿಪುರದ ಬಸ್ಸು ಹಿಡಿಯುವಾಗ ಅವರು, "ಉಳಿದ ಹದಿಮೂರು ಮಂದಿ ತಯಾರಿದ್ರೆ ಹೇಳಿ ಕಳಸ್ರಿ. ನಾ ಕಾಯ್ತೀನಿ" ಎಂದಷ್ಟೇ ಹೇಳಿ ಹೋದರು.

ತಯಾರಾಗಿದ್ದವರು ಯಾರೂ ಇರಲಿಲ್ಲ. ಮುಂದಿನ ಹೊಲಿಗೆ ತರಗತಿಗೆ ಬಂದದ್ದು ಮೂವರು. ಕುಪ್ಪಗಡ್ಡೆಯ ಸೊಸೆಯ ಗಂಡ ನನ್ನನ್ನು ಬಸ್ ನಿಲ್ದಾಣದಲ್ಲಿ ತಡೆದು, "ದೊಡ್ಡಮ್ಮ ಬರದಿದ್ರೆ ನಮ್ಮನೇವ್ಳೂ ಬರಲ್ಲ. ನಿಮ್ಮ ಬ್ಲಾಕಿನ ಆಟ ನಮಗೆ ಬೇಡ" ಎಂದರು. ಬಿ.ಡಿ.ಓ. ಸಾಹೇಬರು ಕರೆಸಿ, "ದೊಡ್ಡ ಮನೆಯವರನ್ನು ಎಲ್ಲರ ಎದುರು ಸುಳ್ಳುಗಾರ್ತಿ ಮಾಡಿದಿರಂತೆ. ನಾಳೆ ಒಂದು ಒಲೆ ಹಾಕಿಸೋಕೆ ಹೋದರೂ ಬಾಗಿಲು ತೆಗೀತಾರಾ ಯಾರಾದರೂ?" ಎಂದರು. ನಾನು ಕೈಕಟ್ಟಿ ನಿಂತಿದ್ದೆ. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷೆ ಏಜೆಂಟರಿಗೆ ಹೇಳಿ ಕಳಿಸಿದ್ದಾರೆ, ಎಲ್ಲರೂ ಅವರ ಸಂಗಡವೇ ಹೋಗುತ್ತಾರೆ ಎಂಬ ಸುದ್ದಿ ಬಂತು. ಏಜೆಂಟರ ಕಾರು ದೊಡ್ಡ ಮನೆಯ ಮುಂದೆ ನಿಂತಿದೆಯೆಂದು ಬಾಲವಾಡಿಯ ಆಯಾ ಹೇಳಿದಾಗ ಮಧ್ಯಾಹ್ನ. ನಾನು ಮಕ್ಕಳನ್ನು ಅವಳ ಕೈಗೆ ಬಿಟ್ಟು ಹೊರಟೆ. ಹೋಗಿ ಏನು ಮಾಡುತ್ತೇನೆಂದು ಗೊತ್ತಿರಲಿಲ್ಲ. ಕರೆಯದ ಮನೆಗೆ ಹೋಗುತ್ತಿದ್ದೇನೆ ಎಂಬುದು ಮಾತ್ರ ಗೊತ್ತಿತ್ತು.

ಅಂಗಳದಲ್ಲಿ ಏಜೆಂಟರು, ಅಧ್ಯಕ್ಷೆಯ ಗಂಡ ದೊಡ್ಡ ಮನೆಯ ಯಜಮಾನರು ಕೂತಿದ್ದರು. ಅಧ್ಯಕ್ಷೆ ಕಂಬಕ್ಕೆ ಒರಗಿ ನಿಂತಿದ್ದರು. ನನ್ನನ್ನು ಕಂಡು ಅವರ ಮುಖ ಗಟ್ಟಿಯಾಯಿತು. ಯಜಮಾನರ ಕಿವಿಗೆ ಗುಡ್ಡದ ಸುದ್ದಿ ಹಾಕುವ ಧೈರ್ಯ ಯಾರೂ ಮಾಡಿರಲಿಲ್ಲ, ಅವರು ಏನೂ ಅರಿಯದೆ, "ಬಾ ತಂಗಿ, ಕೂತ್ಕೋ. ಯಾತ್ರೆ ಮಾತೇ ನಡೀತಿದೆ" ಎಂದರು.

ನಾನು ಕೂರಲಿಲ್ಲ. ಶಿಕಾರಿಪುರದ ಮನೆಮನೆಯಲ್ಲಿ ಕೇಳಿದ ಪ್ರಶ್ನೆಯನ್ನೇ ಕೇಳಿದೆ. "ಏಜೆಂಟರೇ, ದಾರಿಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ನೀವು ಏನು ಮಾಡ್ತೀರಿ?"

ಅವರು ಸ್ವಲ್ಪವೂ ಗಲಿಬಿಲಿಗೊಳ್ಳಲಿಲ್ಲ. ಮೃದುವಾಗಿಯೇ ಹೇಳಿದರು: "ಶುಭಕಾರ್ಯಕ್ಕೆ ಹೊರಟಾಗ ಆ ಮಾತು ಯಾಕಮ್ಮ? ದೇವರಿದ್ದಾನೆ. ಹಾಗೊಂದು ವೇಳೆ ಆದರೂ ಎಲ್ಲ ಊರಲ್ಲೂ ದೊಡ್ಡ ದೊಡ್ಡ ಆಸ್ಪತ್ರೆಗಳಿವೆ. ಒಳ್ಳೇ ಕಡೆ ಸೇರಿಸಿ, ಮನೆಗೆ ತಿಳಿಸಿ, ನಾವು ಮುಂದೆ ಹೋಗ್ತೀವಿ. ನೂರು ಜನರ ರಿಸರ್ವೇಶನ್ ಒಬ್ಬರಿಗಾಗಿ ನಿಲ್ಲಿಸೋಕೆ ಆಗುತ್ಯೆ, ನೀವೇ ಹೇಳಿ."

ಅವರು ಸುಳ್ಳು ಹೇಳಲಿಲ್ಲ. ಅದನ್ನು ನಾನು ಈಗಲೂ ಒಪ್ಪುತ್ತೇನೆ. ನನ್ನ ಮುಂದಿನ ಮಾತು ಏನೆಂದು ತಡವರಿಸುತ್ತಿದ್ದಾಗ ಕಂಬದ ಕಡೆಯಿಂದ ದನಿ ಬಂತು.

"ಅಲ್ಲಿ ಕನ್ನಡ ಬಲ್ಲೋರು ಯಾರಾದ್ರೂ ಇರ್ತಾರಾ?"

"ಎಲ್ಲಿ ತಾಯಿ?"

"ಆಸ್ಪತ್ರೇಲಿ."

ಏಜೆಂಟರು ನಕ್ಕರು. "ಕನ್ನಡ ಎಲ್ಲಿಂದ ಬರಬೇಕು ತಾಯಿ! ಹಿಂದಿಯಲ್ಲಿ ಎರಡು ಮಾತು ಕಲಿತರೆ ಆಯಿತು."

ಅಧ್ಯಕ್ಷೆಯ ಕೈ ಕಂಬದ ಕೆತ್ತನೆಯ ಮೇಲೆ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಸಾವಿಗೆ ಹೆದರುವವರಲ್ಲ ಅವರು, ಅದನ್ನು ಮೆಟ್ಟಿಲ ಮೇಲೆ ನೋಡಿದ್ದೆ. ಆದರೆ ಯಾರೂ ಅರಿಯದ ಊರಿನಲ್ಲಿ ಮಂಚದ ಮೇಲೆ ಮಲಗಿ, ಯಾರೂ ಅರಿಯದ ಮಾತಾಡುವುದು ಅವರ ಲೆಕ್ಕದಲ್ಲಿ ಇರಲಿಲ್ಲವೆಂದು ತೋರುತ್ತದೆ. ಊರೆಲ್ಲ ಕಿವಿಗೊಡುವ ದನಿ ಅದು. ಕೊನೆಗೆ ಅವರು, "ಕಾಫಿ ಕುಡ್ಕಂಡು ಹೊರಡಿ. ನಮ್ಮದು ಸದ್ಯಕ್ಕಿಲ್ಲ" ಎಂದರು.

ಕಾರು ಹೋದ ಮೇಲೆ ಯಜಮಾನರು ಎದ್ದು ನಿಂತರು. "ಏನಿದು? ನೀನೇ ಕರೆಸಿದ್ದಲ್ಲ ಅವರನ್ನ?"

"ನಾನೇ ಕರೆಸಿದ್ದು. ಎರಡು ವರ್ಷದಿಂದ ನನ್ನ ಎದೆ ಸರಿ ಇಲ್ಲ. ಸಾಗರದ ಡಾಕ್ಟ್ರಿಗೆ ಗೊತ್ತು, ಈ ಹುಡುಗಿಗೆ ಗೊತ್ತು. ಈಗ ನಿಮಗೂ ಗೊತ್ತಾಯ್ತು."

ಊರಿನ ಜಗಳಗಳನ್ನು ಬಗೆಹರಿಸುವ ಮನುಷ್ಯ, ಕೈಯಲ್ಲಿದ್ದ ಕಾಫಿ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದರು. "ನಂಗ್ಯಾಕೆ ಹೇಳ್ಲಿಲ್ಲ?" ಎಂದರು ಕೊನೆಗೆ.

"ಹೇಳಿದ್ರೆ ಅಂಗಳ ದಾಟೋಕೆ ಬಿಡ್ತಿದ್ರಾ?"

ಅದು ನಾನು ನಿಂತು ಕೇಳುವ ಮಾತಲ್ಲವೆಂದು ನಾನು ಮೆಲ್ಲಗೆ ಹೊರಟುಬಂದೆ.

ಮರುದಿನ ಬೆಳಿಗ್ಗೆ ದೊಡ್ಡ ಮನೆಯ ಕಮಾನು ಗಾಡಿ ನನ್ನ ಬಾಡಿಗೆ ಕೋಣೆಯ ಮುಂದೆ ನಿಂತಿತು. ಒಳಗೆ ಅಧ್ಯಕ್ಷೆ ದಿಂಬಿಗೆ ಒರಗಿ ಕೂತಿದ್ದರು. "ನಿನ್ನ ಮೇಲಿನ ಸಿಟ್ಟು ನಂಗಿನ್ನೂ ಹೋಗಿಲ್ಲ. ಅದು ಹೋದಾಗ ಹೇಳ್ತೀನಿ. ಈಗ ಹತ್ತು, ಕುಪ್ಪಗಡ್ಡೆಗೆ ಹೋಗದು" ಎಂದರು.

ಅವರು ಮನೆಮನೆಗೆ ಹೋದದ್ದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಗಾಡಿಯಿಂದ ಇಳಿದು ಜಗಲಿಯವರೆಗೆ ನಡೆಯುವುದಕ್ಕೇ ಒಂದೆರಡು ಕಡೆ ನಿಲ್ಲುತ್ತಿದ್ದರು, ನನ್ನ ತೋಳು ಹಿಡಿಯುತ್ತಿದ್ದರು. ಅದನ್ನು ಮುಚ್ಚಿಡುವ ಗೋಜಿಗೆ ಈಗ ಹೋಗಲಿಲ್ಲ. ಕುಪ್ಪಗಡ್ಡೆಯಲ್ಲಿ ಆ ಸೊಸೆಯ ಗಂಡ ಕಣದಿಂದ ಓಡಿ ಬಂದು, ಟವೆಲು ಹೆಗಲಿಂದ ತೆಗೆದು ನಿಂತರು.

"ನಾನು ಯಾತ್ರೆಗೆ ಹೋಗ್ತಿಲ್ಲ ಕಣೋ," ಎಂದರು ಅಧ್ಯಕ್ಷೆ. "ನನ್ನ ಎದೆ ಸರಿ ಇಲ್ಲ."

"ಅದಕ್ಕೇ ದೊಡ್ಡಮ್ಮ, ನಾನೂ ಇವಳಿಗೆ ಹೇಳಿದೆ, ನೀವಿಲ್ಲದೆ..."

"ಪೂರ್ತಿ ಕೇಳು. ನನ್ನ ಎದೆ ಸರಿ ಇಲ್ಲ. ನಿನ್ನ ಹೆಂಡ್ತಿ ಎದೆ ಸರಿ ಇದೆ. ಅವಳನ್ನ ಕಳಿಸು."

ಆ ಮನುಷ್ಯ ತಲೆ ಕೆರೆದುಕೊಂಡರು. "ಮಕ್ಕಳನ್ನ ಯಾರು ನೋಡ್ಕಳದು ದೊಡ್ಡಮ್ಮ?"

"ಅಪ್ಪ ಇದಾನಲ್ಲ."

ಬಾಗಿಲ ಸಂದಿಯಲ್ಲಿ ಆ ಸೊಸೆ ನಿಂತಿದ್ದಳು. ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ.

ಎಲ್ಲ ಮನೆಯೂ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಇಬ್ಬರ ಗಂಡಂದಿರು ಕಡೆಯವರೆಗೂ ಬಗ್ಗಲಿಲ್ಲ. ಕ್ಯಾಸನೂರಿನ ಕಡೆಯ ಒಬ್ಬಾಕೆಯ ಮನೆಗೆ ಜ್ವರ ಹೊಕ್ಕಿತು, ಆಕೆ ತಾನಾಗಿಯೇ ಹಿಂದೆ ಸರಿದಳು. ಉಳಿದ ಹತ್ತು ಮಂದಿಯನ್ನು ಕರೆದೊಯ್ಯಲು ಮಾಸ್ತರರು ಒಪ್ಪಿ, ಅವರ ಜೊತೆ ನಾನೂ ರಜೆ ಹಾಕಿ ಬರಬೇಕೆಂದು ಷರತ್ತು ಹಾಕಿದರು. ಬಿ.ಡಿ.ಓ. ಸಾಹೇಬರು ರಜೆ ಮಂಜೂರು ಮಾಡುತ್ತಾ, "ಹೋಗಿ ಬನ್ನಿ. ನಮ್ಮ ಬ್ಲಾಕಿನ ಹೆಸರು ಇದೆ" ಎಂದರು.

ಆ ಪ್ರಯಾಣದ್ದೇ ಬೇರೆ ಕಥೆ. ಪ್ರಯಾಗದಲ್ಲಿ ಒಬ್ಬರಿಗೆ ಜ್ವರ ಬಂದದ್ದು, ಮಾಸ್ತರರು ಅಷ್ಟೂ ಜನರನ್ನು ಛತ್ರದಲ್ಲಿ ಕೂರಿಸಿ ಕಾಯಿಸಿದ್ದು, ದಿನವೂ ಅವರಿಂದ ಬೈಸಿಕೊಂಡದ್ದು, ಎಲ್ಲವೂ ನಡೆಯಿತು. ಹೋದವರೆಲ್ಲ ಮರಳಿ ಬಂದೆವು. ಇಲ್ಲಿ ನಾನು ಹೇಳಬೇಕಾಗಿರುವುದು ಹೊರಟ ದಿನದ್ದು.

ಸಾಗರದ ಸ್ಟೇಷನ್ನಿಗೆ ನಮ್ಮನ್ನು ಕಳಿಸಲು ಗಂಡಸರೆಲ್ಲ ಬಂದಿದ್ದರು. ಒಬ್ಬೊಬ್ಬರ ಕಂಕುಳಲ್ಲೂ ಒಂದು ಮಗು, ಕೈಯಲ್ಲಿ ಇನ್ನೊಂದು. ಎತ್ತಿಕೊಳ್ಳುವ ರೂಢಿಯಿಲ್ಲದೆ ಮಗುವನ್ನು ಈ ಕಡೆಗೆ ಆ ಕಡೆಗೆ ಬದಲಿಸುತ್ತಿದ್ದರು. ಅಧ್ಯಕ್ಷೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದರು, ಯಜಮಾನರು ಅವರ ಹಿಂದೆ ನಿಂತಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಅವರ ಕಾಲು ಮುಟ್ಟಿ ಗಾಡಿ ಹತ್ತಿದರು. ನಾನು ಕೊನೆಗೆ ಹೋದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. ಸಿಟ್ಟು ಹೋಗಿದೆಯೆಂದು ಹೇಳುತ್ತಾರೇನೋ ಎಂದು ಒಂದು ಕ್ಷಣ ಕಾದೆ. ಮಾಸ್ತರರು ನನ್ನ ಹೆಸರು ಹಿಡಿದು ಗದರಿದರು, ಓಡಿ ಹತ್ತಿದೆ.

ಗಾಡಿ ಅಲುಗಿತು. ಮಕ್ಕಳು ಒಬ್ಬರ ಹಿಂದೆ ಒಬ್ಬರು ಅಮ್ಮ ಅಮ್ಮ ಎಂದು ಅಳತೊಡಗಿದವು. ನಮ್ಮ ಡಬ್ಬಿಯಲ್ಲಿ ಕುಪ್ಪಗಡ್ಡೆಯ ಸೊಸೆ ಕಿಟಕಿಯ ಸರಳಿಗೆ ಹಣೆ ಒತ್ತಿ ನಿಂತಳು. ಗಂಡಸರು ಏನು ಮಾಡಬೇಕೆಂದು ತೋಚದೆ, ದೂರವಾಗುತ್ತಿದ್ದ ಗಾಡಿಯನ್ನೇ ನೋಡುತ್ತಿದ್ದರು. ಆಗ ಅಧ್ಯಕ್ಷೆ ಬೆಂಚಿನ ಅಂಚು ಹಿಡಿದು ಎದ್ದು, ಅಳುತ್ತಿದ್ದ ಒಂದು ಮಗುವಿಗೆ ಕೈ ಚಾಚುತ್ತಾ ಗಂಡಸರಿಗೆ ಹೇಳಿದ್ದು ಗಾಡಿಯ ಸದ್ದಿನ ನಡುವೆಯೂ ನನಗೆ ಕೇಳಿಸಿತು:

"ನಿಂತೇನ್ ನೋಡ್ತೀರಿ? ನಡೀರಿ. ಮಕ್ಕಳಿಗೆ ಹಸಿವಾಗಿದೆ."